ಗೇಮ್ ಆಡಿ ಗಿಟಾರ್ ಕಲಿಯಬಹುದಾ?

ಕಲಿಯಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಮಾತು ಬಂದಾಗಲೆಲ್ಲ ಸಂಗೀತ ಕಲಿತವರು ಮೂಗು ಮುರಿಯುತ್ತಾರೆ. ಅದು ನನಗೆ ಒಪ್ಪಿಗೆ ಇಲ್ಲ. ಒಳ್ಳೆಯ ಗೇಮ್ ಬೆರಳಿಗೆ ಚೆನ್ನಾಗಿಯೇ ಪಾಠ ಮಾಡುತ್ತದೆ. ಆದರೆ ಕಿವಿಗೆ ಮಾಡುವುದಿಲ್ಲ. ನನ್ನ ಚಿಂತೆ ಇರುವುದು ಅಲ್ಲೇ.

ಯಾವ ಗೇಮ್ ಅನ್ನುವುದೂ ಮುಖ್ಯ. 2005ರಲ್ಲಿ ಬಂದ ಗಿಟಾರ್ ಹೀರೋದಲ್ಲಿ ಕೈಗೆ ಸಿಗುತ್ತಿದ್ದದ್ದು ಪ್ಲಾಸ್ಟಿಕ್ ಗಿಟಾರ್. ಐದು ಬಣ್ಣದ ಬಟನ್, ಮೀಟುವುದಕ್ಕೆ ಒಂದು ಪಟ್ಟಿ. ತಂತಿಯೇ ಇಲ್ಲ. ಅದರಲ್ಲಿ ತಾಳ ಹಿಡಿಯುವುದು ಬರಬಹುದು, ಒಂದು ಸಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವುದು ಬರುವುದಿಲ್ಲ. 2011ರಲ್ಲಿ ಬಂದ ರಾಕ್‌ಸ್ಮಿತ್ ಬೇರೆಯೇ ಜಾತಿ. ನಿಮ್ಮದೇ ಎಲೆಕ್ಟ್ರಿಕ್ ಗಿಟಾರನ್ನು ಒಂದು ಕೇಬಲ್‌ನಲ್ಲಿ ಸಿಕ್ಕಿಸಿ ನುಡಿಸುತ್ತೀರಿ, ಸ್ವರ ಸರಿಯಾಗಿ ಬಂತಾ ಅಂತ ಗೇಮ್ ಕೇಳಿಸಿಕೊಳ್ಳುತ್ತದೆ. ಮೊದಮೊದಲು ಹಾಡಿನಲ್ಲಿ ನಾಲ್ಕಾರು ಸ್ವರ ಮಾತ್ರ ಕೊಡುತ್ತದೆ. ಸರಿಯಾಗಿ ನುಡಿಸಿದರೆ ಇನ್ನಷ್ಟು ಸೇರಿಸುತ್ತದೆ, ತಡವರಿಸಿದರೆ ಕಡಿಮೆ ಮಾಡುತ್ತದೆ. ಕಷ್ಟದ ತುಣುಕನ್ನು ಮಾತ್ರ ನಿಧಾನಕ್ಕೆ ಇಳಿಸಿ ಮತ್ತೆ ಮತ್ತೆ ನುಡಿಸಬಹುದು. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಒಂದನೇ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ, ಗಟ್ಟಿ ಮಾಡಿಸಿ ಆಮೇಲೆ ಎರಡು, ಮೂರನೇ ಕಾಲಕ್ಕೆ ಹೋಗುವ ನಮ್ಮ ಪದ್ಧತಿಯ ಹಾಗೆಯೇ ಇದು. ಹೀಗಿರುವಾಗ ಇದನ್ನು ಆಟಿಕೆ ಅನ್ನುವುದು ತಪ್ಪು.

ಬೆಂಗಳೂರಿನಲ್ಲಿ ಇದರ ಬೆಲೆ ಇನ್ನೂ ಜಾಸ್ತಿ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮುಗಿಸಿ ಜಯನಗರದ ಕ್ಲಾಸಿಗೆ ಹೊತ್ತಿಗೆ ಸರಿಯಾಗಿ ಬನ್ನಿ ಅಂದರೆ ಯಾರಿಂದ ಆಗುತ್ತದೆ? ರಾತ್ರಿ ಹನ್ನೊಂದಕ್ಕೆ ಪಿಜಿ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅರ್ಧ ಗಂಟೆ ಅಭ್ಯಾಸ ಮಾಡಬಹುದಾದರೆ ಅದೇ ದೊಡ್ಡದು. ಬೆರಳ ತುದಿ ನೋಯುವ ಮೊದಲ ಕೆಲವು ವಾರಗಳಲ್ಲೇ ತುಂಬಾ ಜನ ಗಿಟಾರನ್ನು ಮೂಲೆಗೆ ಇಡುತ್ತಾರೆ. ಆ ವಾರಗಳನ್ನು ದಾಟಿಸುವ ಶಕ್ತಿ ಗೇಮಿಗೆ ಇದೆ.

ಹಾಗಾದರೆ ಕೊರತೆ ಏನು? ಮಣಿಕಟ್ಟು ಸೊಟ್ಟಗಿದ್ದರೆ ಅದು ಹೇಳುವುದಿಲ್ಲ. ಬೆರಳನ್ನು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಪಟ್ಟಿ) ಪಕ್ಕದಲ್ಲಿ ಇಡದೆ ದೂರದಲ್ಲಿಟ್ಟು, ಸುಮ್ನೆ ಜೋರಾಗಿ ಒತ್ತುತ್ತಿದ್ದರೂ ಹೇಳುವುದಿಲ್ಲ. ಇದನ್ನೆಲ್ಲ ಮೇಷ್ಟ್ರು ಒಂದೇ ನೋಟದಲ್ಲಿ ತಿದ್ದುತ್ತಾರೆ. ಆದರೆ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ತಪ್ಪಾಯಿತು ಅಂತ ಪರದೆಯೇ ಹೇಳುವುದರಿಂದ, ತಪ್ಪಾಯಿತಾ ಅಂತ ನಾವು ಕೇಳಿಸಿಕೊಳ್ಳುವುದನ್ನೇ ಬಿಟ್ಟುಬಿಡುತ್ತೇವೆ. ಕಣ್ಣು ಪರದೆಯ ಮೇಲೆ ಬರುವ ಬಣ್ಣದ ಗುರುತುಗಳನ್ನು ಹಿಂಬಾಲಿಸುತ್ತದೆ, ಬೆರಳು ಕಣ್ಣನ್ನು ಹಿಂಬಾಲಿಸುತ್ತದೆ. ಕಿವಿಗೆ ಕೆಲಸವೇ ಇಲ್ಲ.

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಇದನ್ನು ಕಣ್ಣಾರೆ ಕಂಡೆ. ಗೇಮ್‌ನಿಂದಲೇ ಕಲಿತ ಹುಡುಗ. ಬೆರಳು ಎಷ್ಟು ಚುರುಕು ಅಂದರೆ ನೋಡುವುದಕ್ಕೇ ಖುಷಿ. ಒಬ್ಬರು ಆಂಟಿ ಭಾವಗೀತೆ ಹಾಡಲು ಬಂದರು. "ಸ್ವಲ್ಪ ಶ್ರುತಿ ಏರಿಸಪ್ಪ, ನನಗೆ ಇದು ತೀರಾ ಕೆಳಗಾಯ್ತು" ಅಂದರು. ಅವನಿಗೆ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಎರಡನೇ ಫ್ರೆಟ್‌ಗೆ ಕೇಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿದ್ದರೆ ಜಿ ಕಾರ್ಡಿನ ಹಿಡಿತದಲ್ಲೇ ಎ ಕಾರ್ಡ್ ಬರುತ್ತಿತ್ತು, ಹಾಡು ಸಾಗುತ್ತಿತ್ತು. ಪಾಪ, ಅವನ ತಪ್ಪು ಖಂಡಿತ ಅಲ್ಲ. ಹಾಡುವವರ ಗಂಟಲಿಗೆ ತಕ್ಕಂತೆ ನುಡಿಸಬೇಕಾದ ಸಂದರ್ಭವೇ ಅವನಿಗೆ ಅದುವರೆಗೆ ಬಂದಿರಲಿಲ್ಲ.

ನಮಗೆ ಕನ್ನಡದವರಿಗೆ ಇದು ಇನ್ನೂ ಮುಖ್ಯ ಅಂತ ನನ್ನ ನಂಬಿಕೆ. ಈ ಗೇಮ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಇಂಗ್ಲಿಷ್ ರಾಕ್ ಹಾಡುಗಳು. ನಾವು ನುಡಿಸಬೇಕು ಅಂದುಕೊಳ್ಳುವುದು ಅಮ್ಮ ಗುನುಗುತ್ತಿದ್ದ ಹಾಡು, ಕಾಲೇಜಿನ ಟ್ರಿಪ್‌ನಲ್ಲಿ ಎಲ್ಲರೂ ಸೇರಿ ಹಾಡಿದ ಹಾಡು. ಅವನ್ನು ಕೇಳಿ ಕೇಳಿಯೇ ಹಿಡಿಯಬೇಕು. ಸ್ವರದಿಂದ ಸ್ವರಕ್ಕೆ ಜಾರುವ ಆ ಗಮಕವನ್ನು ತಂತಿ ಎಳೆದು ತರಬೇಕಾದರೆ ಎಲ್ಲಿ ನಿಲ್ಲಿಸಬೇಕು ಅಂತ ಹೇಳಬೇಕಾದದ್ದು ಕಿವಿಯೇ ಅಲ್ವಾ?

ಅದಕ್ಕೇ ಮಕ್ಕಳಿಗೆ ಗೇಮ್ ಕೊಡಿಸಲಾ ಅಂತ ಕೇಳುವವರಿಗೆ, ಧಾರಾಳವಾಗಿ ಕೊಡಿಸಿ ಅನ್ನುತ್ತೇನೆ. ಜೊತೆಗೆ ಎರಡು ಅಭ್ಯಾಸ ಮಾಡಿಸಿ. ಒಂದು ಹಾಡು ಗೇಮ್‌ನಲ್ಲಿ ಬಂದ ಮೇಲೆ ಪರದೆ ಆರಿಸಿ, ಮನೆಯವರು ಯಾರಾದರೂ ಹಾಡುವಾಗ ಅದನ್ನೇ ನುಡಿಸಲಿ. ಚೆನ್ನಾಗಿ ಕಲಿತ ಹಾಡಿನಲ್ಲಿ ಗುರುತುಗಳನ್ನು ಮಾಯ ಮಾಡುವ ವ್ಯವಸ್ಥೆ ರಾಕ್‌ಸ್ಮಿತ್‌ನಲ್ಲೇ ಇದೆ. ಅದು ನೆನಪಿನ ಪರೀಕ್ಷೆ, ಒಳ್ಳೆಯದೇ. ಆದರೆ ಎದುರಿಗೆ ಮನುಷ್ಯರ ದನಿ ಇರಬೇಕು.

ಇನ್ನೊಂದು ಅಭ್ಯಾಸ, ಶ್ರುತಿ ಮಾಡುವುದು. ಗೇಮ್ ತನ್ನ ಟ್ಯೂನರ್ (ಶ್ರುತಿ ಸರಿಯಿದೆಯಾ ಅಂತ ಹೇಳುವ ಸಾಧನ) ತೋರಿಸುವ ಮೊದಲು ಕಿವಿಯಿಂದಲೇ ಮಾಡಿ ನೋಡಲಿ. ದಪ್ಪ ತಂತಿಯನ್ನು 5ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿದರೆ ಪಕ್ಕದ ತಂತಿಯ ಬಿಡಿ ಸ್ವರ (ಎಲ್ಲೂ ಒತ್ತದೆ ಮೀಟಿದಾಗ ಬರುವ ಸ್ವರ) ಬರಬೇಕು. ಹೀಗೇ ಒಂದೊಂದೇ ತಂತಿ ದಾಟಬೇಕು. ತೆಳು ತಂತಿಯನ್ನು 1 ಅಂತ ಎಣಿಸಿದರೆ, 3ನೇ ತಂತಿಯಿಂದ 2ನೆಯದಕ್ಕೆ ಹೋಗುವಾಗ ಮಾತ್ರ 4ನೇ ಫ್ರೆಟ್. ಆರೂ ಮುಗಿದ ಮೇಲೆ ಟ್ಯೂನರ್ ನೋಡಿ, ಯಾವ ತಂತಿ ಎಷ್ಟು ತಪ್ಪಿದೆ ಅಂತ ತಿದ್ದಿಕೊಳ್ಳಲಿ.