ಟೀಕಾಕಾರರ ಅರ್ಹತೆ ಕೇಳುವ ಮುನ್ನ ಕೈಗಾ ನೆನಪಿರಲಿ

ಅಣುವಿಜ್ಞಾನ ಓದದವರಿಗೆ ರಿಯಾಕ್ಟರ್ ಸುರಕ್ಷತೆಯ ಬಗ್ಗೆ ಮಾತನಾಡುವ ಅರ್ಹತೆಯಿಲ್ಲ ಎಂದು ಅಣುಸ್ಥಾವರಗಳ ಟೀಕಾಕಾರರ ಕುರಿತ ಲೇಖನವೊಂದರಲ್ಲಿ ಲೇಖಕರು ಮಂಡಿಸಿದ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ತಜ್ಞರೆನಿಸಿಕೊಂಡವರು ಯಾವ ವಿಷಯದಲ್ಲಿ ತಜ್ಞರು ಎಂದು ಕೇಳುವುದು ಓದುಗರ ಹಕ್ಕು. ಆದರೆ ನಮ್ಮ ಕೈಗಾ ಅಣುವಿದ್ಯುತ್ ಸ್ಥಾವರವನ್ನೇ ನೋಡಿ. 1994ರ ಮೇ 13ರಂದು, ಇನ್ನೂ ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದಲ್ಲಿ ರಿಯಾಕ್ಟರ್ ಕಟ್ಟಡವನ್ನು ಮುಚ್ಚುವ ಒಳಗುಮ್ಮಟದ ಕಾಂಕ್ರೀಟಿನ ಕೆಳಪದರ ಸೀಳಿ ಕಳಚಿ ಬಿದ್ದಿತು. ಅದನ್ನು ಮುಂಗಾಣಲು ಬೇಕಿದ್ದುದು ಅಣುಭೌತಶಾಸ್ತ್ರದ ಪದವಿಯಲ್ಲ. ಗುಮ್ಮಟದ ಬಾಗಿನಲ್ಲಿ ಬಿಗಿದ ಉಕ್ಕಿನ ಕೇಬಲ್‌ಗಳು ಕಾಂಕ್ರೀಟನ್ನು ಯಾವ ದಿಕ್ಕಿಗೆ ಎಳೆಯುತ್ತವೆ ಎಂದು ಲೆಕ್ಕಹಾಕಬಲ್ಲ ಸಿವಿಲ್ ಎಂಜಿನಿಯರಿಂಗ್ ಜ್ಞಾನ. ಆಗ ಅಣುಸ್ಥಾವರಗಳ ಸುರಕ್ಷತೆಯ ಮೇಲೆ ನಿಗಾ ಇಡುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್, 1996ರಲ್ಲಿ ಅವಧಿ ಮುಗಿದ ಮೇಲೆ, ಸ್ಥಾವರಗಳ ಸುರಕ್ಷತಾ ಲೋಪಗಳ ಬಗ್ಗೆ ಬಹಿರಂಗವಾಗಿಯೇ ಬರೆದರು. ಅವರಿಗೂ ಅರ್ಹತೆಯಿಲ್ಲವೆಂದರೆ ಇನ್ನಾರಿಗಿದೆ? 2012ರಲ್ಲಿ ಆ ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯವಿಲ್ಲ ಎಂದು ಎತ್ತಿ ತೋರಿಸಿದ ಸಿಎಜಿ (ಮಹಾಲೇಖಪಾಲರು) ಕಚೇರಿಯ ಲೆಕ್ಕಪರಿಶೋಧಕರೂ ಅಣುವಿಜ್ಞಾನಿಗಳಲ್ಲ, ಆದರೂ ಅವರ ಆಕ್ಷೇಪ ದಾಖಲೆಗಳ ಮೇಲೆ ನಿಂತಿತ್ತು. ಆದ್ದರಿಂದ ಟೀಕಾಕಾರರ ಪದವಿಗಳ ಪಟ್ಟಿ ಕೇಳುವ ಲೇಖಕರು, ಅವರು ಹೇಳಿದ್ದರಲ್ಲಿ ಯಾವ ಅಂಶ ತಪ್ಪು, ಏಕೆ ತಪ್ಪು ಎಂಬುದನ್ನು ಆಧಾರಸಹಿತ ತಿಳಿಸಬೇಕೆಂದು ಕೋರುತ್ತೇನೆ.