ಮೂಗಿಗೆ ತುಪ್ಪ, ಒಂದು ಲಕ್ಷ ಡಾಲರ್

2025ರ ಸೆಪ್ಟೆಂಬರ್ 19ನ್ನು ಬೆಂಗಳೂರಿನ ಐಟಿ ಪಂಚಾಂಗದಲ್ಲಿ ಕೆಂಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಅಂದು ಟ್ರಂಪ್ ಸಾಹೇಬರು ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್‌-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಇಡಿ ಎಂಬ ಕಾಗದಕ್ಕೆ ರುಜು ಹಾಕಿದರು. ಅದೇ ತಾರೀಕಿನ ಪತ್ರದಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು, ಔಟರ್ ರಿಂಗ್ ರೋಡಿನ ದಟ್ಟಣೆ ತಗ್ಗಿಸಲು ವಿಪ್ರೊದ ಸರ್ಜಾಪುರ ಕ್ಯಾಂಪಸ್ಸಿನೊಳಗೆ ಒಂದಿಷ್ಟು ವಾಹನ ಬಿಡಿ ಎಂದು ಅಜೀಂ ಪ್ರೇಮ್‌ಜಿಯವರನ್ನು ಕೇಳಿಕೊಂಡರು. ಅಲ್ಲಿಗೆ ಹೋಗುವಂತಿಲ್ಲ, ಇಲ್ಲಿ ಮುಂದಕ್ಕೇ ಹೋಗುವಂತಿಲ್ಲ. ಪ್ರೇಮ್‌ಜಿ ವಿನಯದಿಂದಲೇ ಆಗದು ಎಂದರು. ಟ್ರಂಪ್ ಅವರಿಗೆ ಆ ಅಭ್ಯಾಸವೂ ಇಲ್ಲ.

ಆದೇಶ ಜಾರಿಯಾದದ್ದು ಭಾನುವಾರ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9.31ಕ್ಕೆ. ಮಹಾಲಯ ಅಮಾವಾಸ್ಯೆ! ಮುಹೂರ್ತ ಇಟ್ಟ ಜೋಯಿಸರಿಗೆ ನಮಸ್ಕಾರ. ಪ್ರತಿವರ್ಷ ಕಟ್ಟಬೇಕು ಎಂದು ಅಲ್ಲಿನ ವಾಣಿಜ್ಯ ಮಂತ್ರಿ ಹೇಳಿದರು. ಇಲ್ಲ, ಒಂದೇ ಸಲ, ಹೊಸ ಅರ್ಜಿಗೆ ಮಾತ್ರ ಎಂದು ಮರುದಿನ ಶ್ವೇತಭವನ. ಈ ಎರಡು ಹೇಳಿಕೆಗಳ ನಡುವೆ ರಜೆಗೆ ಬಂದವರು ಎಡೆಗೆ ಕೈಮುಗಿಯಲೂ ನಿಲ್ಲದೆ ವಿಮಾನ ಹತ್ತಿದ್ದರು.

ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬಂದಿದೆಯಲ್ಲ ಎನ್ನುತ್ತೀರಿ. ಬಂದಿದೆ, 2025ರ ಜನವರಿಯಲ್ಲಿ, ಪಂಚತಾರಾ ಹೋಟೆಲಿನಲ್ಲಿ ಭರ್ಜರಿ ಉದ್ಘಾಟನೆಯೂ ಆಯಿತು. ವೀಸಾ ಮಾತ್ರ ಕೊಡುವುದಿಲ್ಲ ಎಂದು ಅವತ್ತೇ ಹೇಳಿದರು. ಗುಡಿ ಇದೆ, ಗಂಟೆ ಇದೆ, ತೀರ್ಥಕ್ಕೆ ಚೆನ್ನೈಗೆ ಹೋಗಿ. ಅಲ್ಲಿ ಒಂದು ದಿನ ಬೆರಳಚ್ಚು, ಇನ್ನೊಂದು ದಿನ ಸಂದರ್ಶನ, ನಡುವೆ ಲಾಡ್ಜು. ನವೀಕರಣಕ್ಕೆ ಸಂದರ್ಶನವಿಲ್ಲದೆ ಪೆಟ್ಟಿಗೆಯಲ್ಲಿ ಪಾಸ್‌ಪೋರ್ಟ್ ಹಾಕಿ ಬರುತ್ತಿದ್ದ ಸುಖವೂ ಸೆಪ್ಟೆಂಬರ್ 2ಕ್ಕೆ ಬಹುಪಾಲು ಮುಗಿಯಿತು. ಡಿಸೆಂಬರ್ 15ರಿಂದ ಎಚ್‌-1ಬಿ ಕೇಳುವವರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎಲ್ಲವನ್ನೂ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಓದುವುದಕ್ಕೆ ಅವರಿಗೆ ಹೊತ್ತು ಬೇಕಲ್ಲ, ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಸೊಸೆ ಹಾಕಿದ ಒಬ್ಬಟ್ಟಿನ ಫೋಟೊದಲ್ಲಿ ಯಾವ ದೇಶದ್ರೋಹ ಸಿಕ್ಕೀತೋ ನೋಡಬೇಕು.

ಪೆಟ್ಟು ಬೀಳುವ ಜಾಗ ಗಮನಿಸಿ. ಅಮೆರಿಕದಲ್ಲೇ ಎಂಎಸ್ ಓದಿ ವಿದ್ಯಾರ್ಥಿ ವೀಸಾದಿಂದ ಎಚ್‌-1ಬಿಗೆ ಬದಲಾಗುವವನಿಗೆ ಈ ಶುಲ್ಕವಿಲ್ಲ. ಬೆಂಗಳೂರಿನಲ್ಲಿ ಕೂತವನನ್ನು ಕರೆಸಿಕೊಳ್ಳಲು ಕಂಪನಿ ಅರ್ಜಿ ಹಾಕುವ ಮೊದಲೇ ಹಣ ಕಟ್ಟಿರಬೇಕು. ಅಂದರೆ ಅಪ್ಪ ಸೈಟು ಅಡವಿಟ್ಟು ಓದಿಸಿದ ಮಗನಿಗೆ ದಾರಿ ಉಂಟು, ಆರು ವರ್ಷದಿಂದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ದುಡಿಯುತ್ತಿರುವವನಿಗೆ ಇಲ್ಲ.

ಸರ್ಕಾರಕ್ಕೆ ಇದರಲ್ಲೂ ಲಾಭ ಕಂಡಿದೆ. ಜನ ಹೋಗದಿದ್ದರೇನು, ಕೆಲಸವೇ ಇಲ್ಲಿಗೆ ಬರುತ್ತದಂತೆ. 2029ರೊಳಗೆ 500 ಹೊಸ ಜಿಸಿಸಿ, ಅಂದರೆ ವಿದೇಶಿ ಕಂಪನಿಗಳ ಸ್ವಂತ ಕಚೇರಿ, ತರುವ ನೀತಿ ಸಿದ್ಧವಿದೆ. ಕಾಗದದಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿಯ ಹೆಸರೂ ಇವೆ. ಕಂಪನಿಗಳು ಮಾತ್ರ ಅದೇ ಔಟರ್ ರಿಂಗ್ ರೋಡಿನ ಬೆಳ್ಳಂದೂರಿನಲ್ಲೇ ಜಾಗ ಹುಡುಕುತ್ತವೆ.

ಒಂದು ಲೆಕ್ಕ ಹಾಕಿ. ಒಂದು ಲಕ್ಷ ಡಾಲರ್ ಅಂದರೆ ಆಗಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ. ನಮ್ಮ ದೊಡ್ಡ ಕಂಪನಿಗಳು ಹೊಸಬನಿಗೆ ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಒಂದು ವೀಸಾ ಅರ್ಜಿಯ ದುಡ್ಡು ಇಲ್ಲಿನ ಹುಡುಗಿಯೊಬ್ಬಳ 25 ವರ್ಷದ ಸಂಬಳ. ಹತ್ತು ವರ್ಷದಿಂದ ಹೊಸಬರ ಸಂಬಳ ಹೆಚ್ಚುಕಮ್ಮಿ ಅಲ್ಲೇ ಇದೆ. ಈಗ ಇಷ್ಟು ತಗೋ, ಮುಂದೆ ಆನ್‌ಸೈಟ್, ಅಮೆರಿಕಕ್ಕೇ ಕಳಿಸ್ತೀವಿ ಎಂದು ಮೂಗಿಗೆ ತುಪ್ಪ ಸವರಿಕೊಂಡೇ ಬಂದರು. ಟ್ರಂಪ್ ಈಗ ಆ ಡಬ್ಬಿಯನ್ನೇ ಕಿತ್ತುಕೊಂಡಿದ್ದಾರೆ. ಆನ್‌ಸೈಟ್ ಇಲ್ಲವಾದ ಮೇಲೆ ಸಂಬಳವನ್ನಾದರೂ ಏರಿಸಿ ಎಂದರೆ ಅದೇ ಕಂಪನಿಗಳು ಎಐ ಬಂದಿದೆ, ನೀನು ಇರುವುದೇ ಹೆಚ್ಚು ಎನ್ನುತ್ತಿವೆ.