ಜಲ್ಲಿಯುಗದವರ ಜಾಣತನ

ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅರ್ಧಕ್ಕೆ ಬಿಟ್ಟುಹೋದ ಕೆಲಸವನ್ನು ನಮ್ಮ ಕಾಲದ ಕಲ್ಲುಗಣಿಯವರು ಮುಂದುವರಿಸಿದರೂ ನಾಡು ಅವರನ್ನು ಸನ್ಮಾನಿಸದಿರುವುದು ಖೇದಕರ.

ಆ ಹಳಬರಿಗೆ ಕಲ್ಲಿನ ಬೆಲೆ ತಿಳಿದಿರಲಿಲ್ಲವೆಂದಲ್ಲ. ಅಲ್ಲಿನ ಹಿರೇಗುಡ್ಡದ ಕಪ್ಪು ಡಾಲರೈಟ್ ಶಿಲೆಯಿಂದ ಕೊಡಲಿಗಳನ್ನು ತಯಾರಿಸುವ ದೊಡ್ಡ ಉದ್ಯಮವನ್ನೇ ಅವರು ನಡೆಸಿದ್ದರು. ಒಂದು ಕಾಸು ರಾಜಧನವನ್ನೂ ಕಟ್ಟಲಿಲ್ಲ. ಇಷ್ಟೆಲ್ಲ ಅನುಕೂಲವಿದ್ದೂ ಗುಡ್ಡವನ್ನು ಕರಗಿಸಲಾಗದೆ, ಉಳಿದ ಬಂಡೆಗಳ ಕಪ್ಪು ಮೈಯನ್ನು ಕುಟ್ಟಿ ಕುಟ್ಟಿ, ಬೆನ್ನ ಮೇಲೆ ಡುಬ್ಬವಿರುವ ನೀಳ ಕೊಂಬಿನ ಗೂಳಿಗಳನ್ನು ಬಿಡಿಸುತ್ತ ಕಾಲ ಕಳೆದರು. ಕೆಲವು ಚಿತ್ರಗಳಂತೂ ಇಂದು ಹತ್ತಿ ತಲುಪುವುದೇ ಕಷ್ಟವಾದ ಎಡೆಗಳಲ್ಲಿವೆ. ಬಿಲ್ಲು ಪಾಸಾಗುವ ಭರವಸೆಯಿಲ್ಲದೆ ಅಂಥ ಕಡೆ ಜೋತುಬಿದ್ದು ಯಾರು ಕೆಲಸ ಮಾಡುತ್ತಾರೋ ನಾನರಿಯೆ.

ಸಾಲದ್ದಕ್ಕೆ ಅಲ್ಲಿನ ಕೆಲವು ಬಂಡೆಗಳಲ್ಲಿ ಬಡಿದು ಬಡಿದು ಸವೆದ ಕುಳಿಗಳಿವೆ. ಅಲ್ಲಿ ಗುಂಡುಕಲ್ಲಿನಿಂದ ಹೊಡೆದರೆ ಜಾಗಟೆಯಂಥ ನಾದ ಹೊರಡುತ್ತದೆ. ಈ ವಾದ್ಯವನ್ನು ತಲೆಮಾರುಗಳ ಕಾಲ ನುಡಿಸಿದರೂ ಅದು ಮುಗಿಯಲಿಲ್ಲ. ಸಿಡಿಮದ್ದಿಟ್ಟರೆ ಅದೇ ಕಲ್ಲಿನಿಂದ ಹತ್ತೂರಿಗೆ ಕೇಳಿಸುವ ನಾದವನ್ನು ಒಂದೇ ಸಲಕ್ಕೆ ಹೊರಡಿಸಬಹುದೆಂಬ ಸಂಗೀತಜ್ಞಾನ ಆಗ ಇರಲಿಲ್ಲ. 1892ರಲ್ಲಿ ಫಾಸೆಟ್ ಎಂಬ ಇಂಗ್ಲಿಷ್ ಅಧಿಕಾರಿ ಈ ಚಿತ್ರಗಳ ಬಗ್ಗೆ ಬರೆದ. 2004ರಲ್ಲಿ ಪುರಾತತ್ವಜ್ಞೆ ನಿಕೋಲ್ ಬೋಯ್ವಿನ್ ‘ಆಂಟಿಕ್ವಿಟಿ’ ಎಂಬ ಪುರಾತತ್ವ ಪತ್ರಿಕೆಯಲ್ಲಿ ಚಿತ್ರಗಳನ್ನೂ ನಾದವನ್ನೂ ಜೋಡಿಸಿ ಪ್ರಬಂಧ ಬರೆದ ಹೊತ್ತಿಗೆ, ಅವೇ ಬಂಡೆಗಳು ರಸ್ತೆಯ ಜಲ್ಲಿಯಾಗತೊಡಗಿದ್ದವು. ವಿದ್ವಾಂಸರು ನಿಧಾನಿಗಳು, ಕ್ರಷರ್ ಚುರುಕು.

ಕಾನೂನೇನೂ ಕೈಕಟ್ಟಿ ಕುಳಿತಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಈ ಅಳತೆಗೋಲು ಹೊರಬರಬೇಕಾದರೆ ಸ್ಮಾರಕವು ರಾಷ್ಟ್ರೀಯ ಪ್ರಾಮುಖ್ಯದ್ದೆಂದು ಮೊದಲು ಗೆಜೆಟ್‌ನಲ್ಲಿ ಘೋಷಣೆಯಾಗಬೇಕು. ಹಾಗೆ ಘೋಷಣೆಯಾಗುವವರೆಗೆ, ಬಂಡೆಯ ಮೇಲಿನ ಗೂಳಿ ಸಾವಿರಾರು ಮಳೆಗಾಲಗಳನ್ನು ನಿಂತು ಕಂಡಿದ್ದರೂ ಕಡತದ ಪಾಲಿಗೆ ಅದಿನ್ನೂ ಹುಟ್ಟೇ ಇರುವುದಿಲ್ಲ. ಅರ್ಜಿ ಹಾಕಲು ಅದಕ್ಕೆ ಆಧಾರ್ ಕೂಡ ಇಲ್ಲ.

ಹೀಗಿರುವಾಗ ನನ್ನದೊಂದು ನಮ್ರ ಯೋಜನೆಯಿದೆ. ಪ್ರವಾಸಿಗರು ಬರಬೇಕಾದರೆ ಗುಡ್ಡದ ಬುಡದವರೆಗೆ ಅಗಲವಾದ ರಸ್ತೆ ಬೇಕು, ರಸ್ತೆಗೆ ಜಲ್ಲಿ ಬೇಕು, ಜಲ್ಲಿಯನ್ನು ದೂರದಿಂದ ತರಿಸಿದರೆ ಲೆಕ್ಕಪರಿಶೋಧಕರು ಆಕ್ಷೇಪಿಸುತ್ತಾರೆ. ಆದ್ದರಿಂದ ಆ ಗುಡ್ಡದ ಕಲ್ಲನ್ನೇ ಬಳಸತಕ್ಕದ್ದು. ಹಾಗೆ ಮಾಡಿದಲ್ಲಿ ಪ್ರವಾಸಿಗರು ಇಡೀ ದಾರಿಯುದ್ದಕ್ಕೂ ನವಶಿಲಾಯುಗದ ಗೂಳಿಗಳ ಮೇಲೆಯೇ ಸಾಗಿ ಬರಬಹುದು. ಬಂದು ತಲುಪಿದಾಗ ಬಸ್ಸುಗಳ ಪಾರ್ಕಿಂಗ್‌ಗೆ ಬೇಕಾದಷ್ಟು ಬಯಲು ಅಲ್ಲಿ ತಾನಾಗಿಯೇ ಒದಗಿರುತ್ತದೆ.